ಕೋಟಿನ ಜೇಬು ಮತ್ತು ಇಬ್ಬರು ವಾರಗಿತ್ತಿಯರು

ನಮ್ಮಮ್ಮ ಒಂದೇ ದಿನದಲ್ಲಿ ಒಂದು ಮದುವೆ ಮಾತುಕತೆ ಮುರಿದು, ಎರಡು ಲೋಡು ಮರಳಿಗೆ ಹೇಳಿ, ಮೂಲವ್ಯಾಧಿಗೆ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿಕೊಂಡು, ಸಂಜೆ ಏನೂ ಆಗದವಳಂತೆ ತರಕಾರಿ ಚೀಲ ಹಿಡಿದು ಮನೆಗೆ ಬರುತ್ತಿದ್ದಳು. ಮದುವೆಯೂ ಅವಳ ಕಡೆಯದಲ್ಲ, ಮರಳೂ ಅವಳದಲ್ಲ, ಮೂಲವ್ಯಾಧಿಯಂತೂ ದೇವರಾಣೆ ಅವಳದಲ್ಲ. ಕಿವಿ ಕೇಳದವರ ಪರವಾಗಿ ಫೋನಿನಲ್ಲಿ ಮಾತಾಡುವುದು ಅವಳ ಕೆಲಸ.

ಆ ಕೆಲಸ ನಡೆಯುವ ಜಾಗಕ್ಕೆ ರಿಲೇ ಕೇಂದ್ರ ಎಂದು ಹೆಸರು. ಕಿವಿ ಕೇಳದವರು ತಮ್ಮ ಮೊಬೈಲಿನ ವಿಡಿಯೋದಲ್ಲಿ ಅಮ್ಮನಿಗೆ ಕೈಸನ್ನೆ ಮಾಡುತ್ತಾರೆ. ಅವರು ಕೊಟ್ಟ ನಂಬರಿಗೆ ಅಮ್ಮ ಫೋನು ಹಚ್ಚಿ, ಆ ಸನ್ನೆಯನ್ನು ಬಾಯಲ್ಲಿ ಹೇಳುತ್ತಾಳೆ. ಆ ಕಡೆಯವರು ಆಡಿದ್ದನ್ನು ತಿರುಗಿ ಕೈಯಲ್ಲಿ ತಿಳಿಸುತ್ತಾಳೆ. ಅದಕ್ಕೆ ನಿಯಮಗಳಿವೆ. ಕರೆ ನಡೆಯುವಾಗ ಅಮ್ಮ ಅಲ್ಲಿ ಇಲ್ಲವೇ ಇಲ್ಲ ಎಂದು ತಿಳಿಯಬೇಕು. ‘ಅವರಿಗೆ ಮೂಲವ್ಯಾಧಿಯಂತೆ’ ಅನ್ನುವ ಹಾಗಿಲ್ಲ, ‘ನನಗೆ ಮೂಲವ್ಯಾಧಿ’ ಎಂದೇ ಹೇಳಬೇಕು. ಸ್ವಂತದ ಒಂದಕ್ಷರ ಸೇರಿಸಬಾರದು. ಜೊತೆಗೆ, ಫೋನಿನಲ್ಲಿ ಏನೇನು ಕೇಳಿಸಿತೋ ಅಷ್ಟೂ ಕಿವಿ ಕೇಳದವರಿಗೆ ತಲುಪಬೇಕು. ನಾಯಿ ಬೊಗಳಿದರೆ, ಪಾತ್ರೆ ಬಿದ್ದರೆ, ಆ ಕಡೆಯವರು ಮೂಗು ಎಳೆದರೆ ಅದೂ ಕೈಯಲ್ಲಿ ಬರಬೇಕು. ಕಿವಿ ಇದ್ದವರಿಗೆ ಪುಕ್ಕಟೆ ಸಿಗುವುದು ಇಲ್ಲದವರಿಗೆ ಯಾಕೆ ತಪ್ಪಬೇಕು ಎಂಬುದು ಕೇಂದ್ರದ ವಾದ. ನನಗೂ ಅದು ಸರಿಯೆನಿಸುತ್ತದೆ.

ಸರಿ, ಆದರೆ ಇಂಥವಳ ಜೊತೆ ಸಂಸಾರ ಮಾಡುವವರ ಗತಿ ನೋಡಿ. ಅಪ್ಪ ಸೀನಿದರೆ ಅಮ್ಮನ ಬಲಗೈ ತಾನಾಗಿ ಎದ್ದು, ಎದುರಿಗೆ ಯಾರೂ ಇಲ್ಲದಿದ್ದರೂ ‘ಗಂಡಸೊಬ್ಬ ಸೀನಿದ’ ಎಂದು ಗೋಡೆಗೆ ತಿಳಿಸುತ್ತಿತ್ತು. ಕುಕ್ಕರ್ ಕೂಗಿದ್ದು, ಬಾಗಿಲು ಕಿರುಗುಟ್ಟಿದ್ದು, ಪಕ್ಕದ ಮನೆಯವರು ಬಕೆಟ್ ಎಳೆದದ್ದು, ಎಲ್ಲಕ್ಕೂ ಕೈ ಏಳುವುದೇ. ಮನೆಗೆ ಬಂದವರು ಇವಳಿಗೆ ನೊಣದ ಕಾಟ ಎಂದುಕೊಳ್ಳುತ್ತಿದ್ದರು.

ಅಮ್ಮನಿಗೆ ಸನ್ನೆ ಕಲಿಸಿದ್ದು ಅಪ್ಪನ ತಾಯಿ, ಅಂದರೆ ನಮ್ಮಜ್ಜಿ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಇಬ್ಬರು ಸೊಸೆಯರನ್ನೂ ಎದುರಿಗೆ ಕೂರಿಸಿಕೊಂಡು, ಕೈ ತಪ್ಪಿದರೆ ಬೆರಳಿಗೆ ಫಟ್ಟನೆ ಹೊಡೆದು ಕಲಿಸಿದಳು. ಹಿರಿಸೊಸೆ ನಮ್ಮಮ್ಮ, ಮಹಡಿಯ ಮೇಲೆ ವಾಸ. ಕಿರಿಸೊಸೆ ಚಿಕ್ಕಮ್ಮ, ಕೆಳಗಡೆ ಅಜ್ಜಿಯ ಜೊತೆ. ಬೆಲ್ ಒತ್ತಿದರೆ ಅಜ್ಜಿಗೆ ಗೊತ್ತಾಗಲಿ ಎಂದು ಅವಳ ಕುರ್ಚಿಯ ಎದುರಿಗೆ ಒಂದು ಬಲ್ಬು ಹಾಕಿಸಿದ್ದರು. ಬೀದಿಯಲ್ಲಿ ನಿಂತು ಬೆಲ್ ಒತ್ತಿದರೆ ಕಿಟಕಿಯೆಲ್ಲ ಹಳದಿಯಾಗುತ್ತಿತ್ತು. ಅಮ್ಮ ಕೆಲಸದಿಂದ ಬಂದವಳು ತನ್ನ ಹತ್ತಿರ ಕೀಲಿಕೈ ಇದ್ದರೂ ಒಮ್ಮೆ ಆ ಬೆಲ್ ಒತ್ತಿ, ಕಿಟಕಿ ಹಳದಿಯಾಗುವುದನ್ನು ನೋಡಿಯೇ ಮಹಡಿ ಹತ್ತುತ್ತಿದ್ದಳು.

ಅಜ್ಜಿ ತೀರಿಕೊಂಡಳು. ಅದಾದ ಮೇಲೂ ಅಮ್ಮ ಅಭ್ಯಾಸಬಲದಿಂದ ದಿನಾ ಬೆಲ್ ಒತ್ತುತ್ತಲೇ ಇದ್ದಳು. ಸ್ವಲ್ಪ ದಿನಕ್ಕೆ ಒಂದು ಸಂಜೆ ಒತ್ತಿದರೆ ಕಿಟಕಿ ಕತ್ತಲು. ಚಿಕ್ಕಮ್ಮ ಬಲ್ಬು ತೆಗೆದುಹಾಕಿದ್ದಳು. ಅಮ್ಮ ಬಾಗಿಲಲ್ಲೇ ನಿಂತು, “ಅತ್ತೆ ಹೋಗಿದ್ದು ನಿಂಗೆ ಹಾಯಾಯ್ತಲ್ವಾ?” ಅಂದುಬಿಟ್ಟಳು. ಅಜ್ಜಿಗೆ ಕೊನೆಯ ದಿನಗಳಲ್ಲಿ ಊಟ ಮಾಡಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿದವಳು ಚಿಕ್ಕಮ್ಮ. ಅವಳು ಬಾಗಿಲು ಹಾಕಿಕೊಂಡಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆಡಬಾರದ ಮಾತು ಆಡಿದೆನೆಂದು ಅಮ್ಮನಿಗೆ ಮಹಡಿ ಹತ್ತುವಾಗಲೇ ಗೊತ್ತಾಗಿತ್ತು. ಇಳಿದು ಹೋಗಿ ತಪ್ಪಾಯಿತು ಅಂದರೆ ಮುಗಿಯುತ್ತಿತ್ತು. ಊರಿನವರ ಪರವಾಗಿ ದಿನವಿಡೀ ಕ್ಷಮೆ ಕೇಳುವ ಹೆಂಗಸಿಗೆ ತನ್ನ ಪರವಾಗಿ ಕೇಳಲು ಬಾಯಿ ಬರಲಿಲ್ಲ. ಎಷ್ಟೋ ಸಲ ಕೆಳಗಿನ ಬಾಗಿಲ ತನಕ ಹೋಗಿ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಹಾಗೇ ವಾಪಸು ಬಂದಿದ್ದಾಳೆ. ನನಗೆ ಸಿಟ್ಟು ಬರುತ್ತಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ “ಹೆಂಗಸರ ವಿಷಯ” ಎಂದು ಪೇಪರಿನೊಳಗೆ ತಲೆ ಹುದುಗಿಸಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು.

ಇಷ್ಟಾದರೂ ಚಿಕ್ಕಮ್ಮನಿಗೂ ಅದೇ ಕೇಂದ್ರದಲ್ಲಿ ಕೆಲಸ, ಸಂಜೆ ಮಾತ್ರ ಅಮ್ಮನಿಗಿಂತ ಮುಂಚೆ ಮನೆ ಸೇರುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದರು, ಒಬ್ಬಳು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬಳು ಹಿಂದಿನ ಬಾಗಿಲಲ್ಲಿ. ಕೇಂದ್ರದಲ್ಲಿ ಬೆನ್ನಿಗೆ ಬೆನ್ನು ಹಾಕಿ ಎರಡು ಕುರ್ಚಿ. ನಡುವೆ ಒಂದು ಗಿಡದ ಕುಂಡ. ಆ ಗಿಡಕ್ಕೆ ಅವಳು ಹಾಕಲಿ ಎಂದು ಇವಳು, ಇವಳು ಹಾಕಲಿ ಎಂದು ಅವಳು ನೀರು ಹಾಕದೆ, ಗಿಡ ಒಣಗಿ ಕಡ್ಡಿಯಾಗಿತ್ತು.

ಹೀಗಿರುವಾಗ ಒಂದು ದಿನ ಬೀಗ ರಿಪೇರಿಯವನು ಅಮ್ಮನ ಪರದೆಯ ಮೇಲೆ ಬಂದ. ಕಿವಿ ಕೇಳದವನು, ಕೈ ಮಾತ್ರ ಬಲು ಜೋರು. ತನ್ನ ತಂದೆಯ ಹಳೆಯ ಕೋಟನ್ನು ಅಳತೆಗೆ ಸರಿಮಾಡಿಸಲು ಭಾವಮೈದುನನ ಕೈಲಿ ಟೈಲರಮ್ಮನ ಅಂಗಡಿಗೆ ಕಳಿಸಿದ್ದನಂತೆ. ಕೋಟು ವಾಪಸು ಬಂದಾಗ ಒಳಜೇಬೇ ಮಾಯ. ಅವನಪ್ಪ ಮಿಠಾಯಿ ಬಚ್ಚಿಡುತ್ತಿದ್ದ ಜೇಬು ಅದು. ಟೈಲರಮ್ಮನಿಗೆ ಫೋನು ಹಚ್ಚಿ ಎಂದ.

ಅಮ್ಮ ಹಚ್ಚಿದಳು. ಟೈಲರಮ್ಮನಿಗೂ ಕಿವಿ ಕೇಳುವುದಿಲ್ಲ ಎಂದು ಬೀಗದವನಿಗೆ ಗೊತ್ತಿರಲಿಲ್ಲ. ಅವಳ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರಿಗೆ ಬಂದ ಕರೆ ನೇರ ಇದೇ ಕೇಂದ್ರಕ್ಕೆ ಬಂದು, ಆಗ ಬಿಡುವಾಗಿದ್ದವರ ಕಿವಿಗೆ ಬೀಳುತ್ತಿತ್ತು. ಬಿಡುವಾಗಿದ್ದವಳು ಚಿಕ್ಕಮ್ಮ.

“ನಮಸ್ಕಾರ, ಇದು ರಿಲೇ ಕರೆ, ದಯವಿಟ್ಟು ನಿಧಾನವಾಗಿ ಮಾತಾಡಿ,” ಎಂದು ಇಬ್ಬರೂ ಒಟ್ಟಿಗೇ ಅಂದರು. ಆಮೇಲೆ ಇಬ್ಬರೂ ಒಟ್ಟಿಗೇ ಬಾಯಿ ಮುಚ್ಚಿದರು.

ಎರಡೂ ಕಡೆ ಕಿವಿ ಕೇಳದವರಿದ್ದರೆ ಕರೆ ಬಿಟ್ಟು, ಅವರಿಬ್ಬರನ್ನೇ ವಿಡಿಯೋದಲ್ಲಿ ಎದುರುಬದುರು ಮಾಡಿಕೊಡಬೇಕು. ಹಾಗೆ ಮಾಡಲು ಒಬ್ಬಳು ಇನ್ನೊಬ್ಬಳಿಗೆ “ನನ್ನ ಕಡೆಯವರಿಗೂ ಕೇಳಿಸಲ್ಲ” ಎಂದು ಸ್ವಂತ ಬಾಯಲ್ಲಿ ಹೇಳಬೇಕಿತ್ತು. ಮೊದಲು ಮಾತಾಡಿದವಳು ಸೋತಂತೆ. ಇಬ್ಬರೂ ಸೋಲಲು ತಯಾರಿರಲಿಲ್ಲ. ಹಾಗಾಗಿ ಜಗಳ ಶುರುವಾಯಿತು.

“ಕೇಳದೆ ಯಾಕೆ ತೆಗೆದೆ?” ಅಂದಳು ಅಮ್ಮ. ಕೈಸನ್ನೆಯಲ್ಲಿ ಎದುರಿನವರನ್ನು ಬೆರಳಲ್ಲಿ ತೋರಿಸಿದರೆ ಆಯಿತು. ಅದನ್ನು ಅಮ್ಮ ಯಾರಿಗಾದರೂ ‘ನೀವು’ ಎಂದೇ ಹೇಳುವವಳು. ಅವತ್ತು ‘ನೀನು’ ಎಂದೇ ಬಂತು.

“ಹರಿದು ಚಿಂದಿಯಾಗಿತ್ತು, ಅದಕ್ಕೇ ತೆಗೆದೆ,” ಅಂದಳು ಚಿಕ್ಕಮ್ಮ ಟೈಲರಮ್ಮನ ಪರವಾಗಿ.

“ಅದು ನಿನಗೆ ಚಿಂದಿ. ನನಗೆ ಅಪ್ಪನ ನೆನಪು!”

“ಹಾಗಿದ್ರೆ ಮುಂಚೆ ಹೇಳಬೇಕಿತ್ತು! ಬಾಯಿ ಇರಲಿಲ್ವಾ?”

ಈ ಕೊನೆಯದು ಟೈಲರಮ್ಮನ ಕೈಯಲ್ಲಿ ಅಷ್ಟು ಖಾರವಾಗಿ ಇತ್ತೇ ಎಂದು ನನಗೆ ಅನುಮಾನ. ಇಷ್ಟೆಲ್ಲ ನಡೆದದ್ದು ಒಂದು ಮಾರು ದೂರದಲ್ಲಿ, ಬೆನ್ನಿಗೆ ಬೆನ್ನು ಹಾಕಿಕೊಂಡು, ತಲೆಗೆ ಸಿಕ್ಕಿಸಿದ ಫೋನಿನಲ್ಲಿ. ಫೋನಿಲ್ಲದಿದ್ದರೂ ಕೇಳಿಸುತ್ತಿತ್ತು. ಮೇಲ್ವಿಚಾರಕ ದೂರದಿಂದ ನೋಡಿ, ಇವರು ಎಷ್ಟು ಜೀವ ತುಂಬಿ ಕೆಲಸ ಮಾಡುತ್ತಾರೆ ಎಂದು ತಲೆದೂಗಿ ಹೊಸಬರಿಗೆ ತೋರಿಸಿದನಂತೆ.

ಬೀಗದವನು ಮರುದಿನವೂ ಕರೆ ಮಾಡಿದ, ಅದರ ಮರುದಿನವೂ. ಅವನು ಬಂದರೆ ಅಮ್ಮ, ಟೈಲರಮ್ಮ ಬಂದರೆ ಚಿಕ್ಕಮ್ಮ, ಬೇರೆಯವರ ಕೈಗೆ ಬಿಡದೆ ಎತ್ತಿಕೊಳ್ಳತೊಡಗಿದರು. ಅಮ್ಮ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಹಾಡು ಗುನುಗುವುದು ಕೇಳಿ ಅಪ್ಪ ಗಾಬರಿಯಾದ. ವಾರಗಿತ್ತಿಯ ಜೊತೆ ಮಾತಾಡಲು ಅವಳಿಗೆ ಒಂದು ಜೇಬು ಸಿಕ್ಕಿತ್ತು. ಎದುರಿನವರಿಗೂ ಕಿವಿ ಕೇಳುವುದಿಲ್ಲ ಎಂಬ ನಿಜ ಬೀಗದವನಿಗೂ ಟೈಲರಮ್ಮನಿಗೂ ಗೊತ್ತಾದರೆ ಅದೂ ಹೋಗುತ್ತಿತ್ತು.

ನಿಜ ಹೊರಬಿದ್ದದ್ದು ಕೇಳಿಸಿದ್ದೆಲ್ಲ ತಲುಪಬೇಕು ಎಂಬ ನಿಯಮದಿಂದಲೇ. ಎರಡೂ ಕಡೆ ಕಿವಿ ಕೇಳದವರಿದ್ದಾಗ ಫೋನಿನಲ್ಲಿ ಕೇಳಿಸುವ ಸದ್ದು ಯಾರದು? ಇವರದೇ! ಚಿಕ್ಕಮ್ಮ ಮೂಗು ಎಳೆದರೆ ಅಮ್ಮನ ಕೈ ಬೀಗದವನಿಗೆ ‘ಟೈಲರಮ್ಮ ಮೂಗು ಎಳೆದರು’ ಎನ್ನುತ್ತಿತ್ತು. ಅಮ್ಮ ಮೇಜು ಕುಟ್ಟಿದರೆ ಚಿಕ್ಕಮ್ಮನ ಕೈ ಟೈಲರಮ್ಮನಿಗೆ ‘ಬೀಗದವರು ಏನೋ ಕುಟ್ಟುತ್ತಿದ್ದಾರೆ’ ಎನ್ನುತ್ತಿತ್ತು. ನಿಟ್ಟುಸಿರು, ಹಲ್ಲು ಕಡಿದದ್ದು, ಬಿಕ್ಕಿದ್ದು, ಯಾವುದನ್ನೂ ಬಿಡಲಿಲ್ಲ. ನಿಯಮ ಅಂದರೆ ನಿಯಮ.

ಒಂದು ಜೇಬಿಗೋಸ್ಕರ ಒಬ್ಬ ಹೆಂಗಸು ಇಷ್ಟು ಅಳುವುದೇ ಎಂದು ಬೀಗದವನಿಗೆ ಪಾಪ ಎನಿಸಿತು. ಸಮಾಧಾನ ಮಾಡಿ ಬರೋಣ ಎಂದು ಖುದ್ದಾಗಿ ಟೈಲರಮ್ಮನ ಅಂಗಡಿಗೆ ಹೋದ. ಟೈಲರಮ್ಮ ಮೊಳದುದ್ದದ ಕತ್ತರಿ ಹಿಡಿದು ಎದ್ದು ನಿಂತಳು, ದಿನಾ ಮೇಜು ಕುಟ್ಟುವ ರೌಡಿ ಬಂದನೆಂದು. ಅವನು ಹೆದರಿ ಎರಡೂ ಕೈ ಎತ್ತಿ ಸನ್ನೆ ಮಾಡಿದ. ಅವಳು ಕತ್ತರಿ ಕೆಳಗಿಟ್ಟು ಸನ್ನೆಯಲ್ಲೇ ಉತ್ತರ ಕೊಟ್ಟಳು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ನಕ್ಕಿದ್ದನ್ನು ಬೀಗದವನು ಈಗಲೂ ಕೀಲಿಕೈ ಮಾಡಿಸಲು ಬಂದವರಿಗೆಲ್ಲ ಕೈ ಬೀಸಿ ಬೀಸಿ ಹೇಳುತ್ತಾನೆ.

‘ನೀನು ಅತ್ತಿಲ್ವಾ?’ ಎಂದು ಕೇಳಿದನಂತೆ.

‘ನಾನ್ಯಾಕೆ ಅಳಲಿ? ನೀನು ಮೇಜು ಕುಟ್ಟಿಲ್ವಾ?’

‘ನನ್ನ ಅಂಗಡೀಲಿ ಮೇಜೇ ಇಲ್ಲ.’

ಹಾಗಾದರೆ ಅತ್ತವರು ಯಾರು? ಇಬ್ಬರೂ ತಮ್ಮ ತಮ್ಮ ಪರದೆಯಲ್ಲಿ ಕಂಡದ್ದನ್ನು ಕೂಡಿಸಿ ನೋಡಿದರು. ಅಮ್ಮನ ಹಿಂದೆ ಒಣಗಿದ ಗಿಡ, ಅದರಾಚೆ ಒಬ್ಬಳ ಬೆನ್ನು. ಚಿಕ್ಕಮ್ಮನ ಹಿಂದೆ ಅದೇ ಗಿಡ, ಅದರಾಚೆ ಇನ್ನೊಬ್ಬಳ ಬೆನ್ನು. ಅತ್ತವರೂ ಕುಟ್ಟಿದವರೂ ಆ ಇಬ್ಬರೇ. ಇನ್ನು ಮೇಲೆ ಬೀಗದವನೂ ಟೈಲರಮ್ಮನೂ ನೇರ ವಿಡಿಯೋದಲ್ಲಿ ಮಾತಾಡಿಕೊಳ್ಳಬಹುದಿತ್ತು. ಜೇಬನ್ನೂ ಟೈಲರಮ್ಮ ಅಲ್ಲೇ ಕೂರಿಸಿ ಹೊಲಿದು ಕೊಟ್ಟಾಗಿತ್ತು. ಆದರೂ ಮರುದಿನ ಬೀಗದವನು, ಹೊಲಿದ ಜೇಬಿನ ಕೋಟನ್ನೇ ತೊಟ್ಟುಕೊಂಡು, ಅಮ್ಮನಿಗೆ ಕರೆ ಮಾಡಿದ.

‘ಕೇಳಿ, ಜೇಬು ಯಾಕೆ ತೆಗೆದರು? ನಿಜವಾದ ಕಾರಣ ಬೇಕು,’ ಎಂದು ಸನ್ನೆ ಮಾಡಿ, ಎರಡೂ ಕೈಯನ್ನು ಕೋಟಿನ ಜೇಬುಗಳೊಳಗೆ ತುರುಕಿಕೊಂಡು ಕೂತ. ಅಮ್ಮ ಬಾಯಲ್ಲಿ ಕೇಳಿದಳು. ಆ ಕಡೆ ಟೈಲರಮ್ಮ ಚಿಕ್ಕಮ್ಮನ ಮುಖ ನೋಡುತ್ತಾ ಕೈಕಟ್ಟಿ ಕೂತಳು. ಚಿಕ್ಕಮ್ಮ ಕಾದಳು. ಕಟ್ಟಿದ ಕೈ ಬಿಚ್ಚಲಿಲ್ಲ.

ಫೋನಿನಲ್ಲಿ ಬರೀ ಉಸಿರು. ಅಮ್ಮ ನಿಯಮದಂತೆ ‘ಉಸಿರು ಕೇಳಿಸುತ್ತಿದೆ’ ಎಂದು ಸನ್ನೆ ಮಾಡಿದಳು.

“ದಿನಾ ಬೆಲ್ ಆಗೋದು,” ಅಂದಳು ಚಿಕ್ಕಮ್ಮ. “ದೀಪ ಹತ್ತೋದು. ಅತ್ತೆ ಎದ್ದರೇನೋ ಅಂತ ನಾನು ಒಲೆ ಮೇಲಿಂದು ಬಿಟ್ಟು ಓಡಿ ಬರ್ತಿದ್ದೆ. ಕುರ್ಚಿ ಖಾಲಿ ಇರ್ತಿತ್ತು. ಎಷ್ಟು ಸಲ ಅಂತ ಓಡ್ಲಿ ಅಕ್ಕ? ಅದಕ್ಕೇ ತೆಗೆದೆ.”

ಅಮ್ಮನ ಕೈ ತಾನಾಗಿ ಎದ್ದು ಇದಿಷ್ಟನ್ನೂ ಬೀಗದವನಿಗೆ ಹೇಳುತ್ತಿತ್ತು. ಬೆಲ್, ದೀಪ, ಅತ್ತೆ, ಓಟ. ‘ಖಾಲಿ ಕುರ್ಚಿ’ ಎಂಬಲ್ಲಿ ಸನ್ನೆ ತಪ್ಪಿತು. ಅಜ್ಜಿ ಇದ್ದಿದ್ದರೆ ಫಟ್ಟನೆ ಹೊಡೆಯುತ್ತಿದ್ದಳು. ಆ ಸಂಜೆಗಳಲ್ಲೆಲ್ಲ ಬೆಲ್ ಒತ್ತಿ, ಒಳಗೆ ಅವಳನ್ನು ಓಡಿಸಿದ್ದು ತಾನೇ ಎಂದು ಅಮ್ಮನಿಗೆ ಆಗ ಹೊಳೆಯಿತು.

“ನನ್ನದು ತಪ್ಪಾಯ್ತು ಕಣೇ,” ಅಂದಳು. “ನಾನು ಆಡಿದ್ದು ಕೆಟ್ಟ ಮಾತು. ನಿನ್ನ ಕೈಲಾಗಿದ್ದು ನನ್ನ ಕೈಲಿ ಆಗ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅಂದೆ.”

ಅಭ್ಯಾಸ ಬಿಡುತ್ತದೆಯೇ? ಇದನ್ನೂ ಕೈ ಬೀಗದವನಿಗೆ ಹೇಳಿತು. ಅವನು ಜೇಬಿನಿಂದ ಒಂದು ಕೈ ತೆಗೆದು, ‘ಇದು ನಾನು ಹೇಳಿದ್ದಲ್ಲ,’ ಎಂದ. ಮತ್ತೆ ಕೈ ಒಳಗೆ ಹಾಕಿಕೊಂಡು ಪರದೆ ಆರಿಸಿದ. ಟೈಲರಮ್ಮನೂ ಆರಿಸಿದಳು.

ಕರೆ ಮಾಡಿದವರು ಹೋದರು. ಎರಡು ಕುರ್ಚಿಗಳ ನಡುವಿನ ಫೋನು ಮಾತ್ರ ಹಾಗೇ ಇತ್ತು. ತಿರುಗಿದರೆ ಮುಖ ಕಾಣುತ್ತಿತ್ತು, ಆದರೆ ಇಬ್ಬರೂ ತಿರುಗದೆ, ಕೇಂದ್ರದ ಖರ್ಚಿನಲ್ಲಿ, ಗ್ಯಾಸು, ಮಂಡಿನೋವು, ಚಿಕ್ಕಪ್ಪನ ಗೊರಕೆ ಎಂದು ಊಟದ ಬಿಡುವಿನವರೆಗೂ ಮಾತಾಡಿದರು. ಸ್ವಂತ ಮಾತು ಸೇರಿಸಿದ್ದಕ್ಕೆ ಮೇಲ್ವಿಚಾರಕ ಇಬ್ಬರನ್ನೂ ಕರೆದು ಗದರಿದ. ಎಷ್ಟು ಸೇರಿಸಿದಿರಿ ಎಂದು ಕೇಳಿದ್ದಕ್ಕೆ ಚಿಕ್ಕಮ್ಮ, “ಪೂರ್ತಿ ನಮ್ಮದೇ ಸರ್,” ಅಂದಳಂತೆ.

ಬಲ್ಬು ಈಗ ಮತ್ತೆ ಅದರ ಜಾಗದಲ್ಲಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ, ಅದರ ಅಗತ್ಯ ಯಾರಿಗೂ ಇಲ್ಲ. ರಜೆಯ ದಿನ ಅಮ್ಮ ಮಧ್ಯಾಹ್ನವೇ ಕೆಳಗಿಳಿದು ಹೋಗುತ್ತಾಳೆ. ಸಂಜೆ ಯಾರಾದರೂ ಬೆಲ್ ಒತ್ತಿ ದೀಪ ಹತ್ತಿದಾಗ ಚಿಕ್ಕಮ್ಮ ಈಗಲೂ ಒಲೆ ಮೇಲಿನದನ್ನು ಬಿಟ್ಟು ಓಡಿ ಬರುತ್ತಾಳೆ. ಅಷ್ಟರಲ್ಲಿ ಅಮ್ಮ ಅಜ್ಜಿಯ ಕುರ್ಚಿಯಲ್ಲಿ ಕೂತಿರುತ್ತಾಳೆ.