ಮಂಚದಡಿಯ ಹಂಚುಗಳು

ಮಲೇಶಿಯಾದ ಮೆಲಾಕಾ ಊರಿನ ಹಳೇ ಪೇಟೆಯ ಈ ಓಣಿಗೆ ಗೆಳತಿ ಲವೀನಾ ನನ್ನನ್ನು ಚಹಾ ಕುಡಿಯಲೂ ಬಿಡದೆ ಎಳೆದು ತಂದಿದ್ದಾಳೆ. ಅವಳು ಇಲ್ಲಿನ ಮೆಡಿಕಲ್ ಕಾಲೇಜಿನ ಮೇಡಂ. ಅವಳು ಬಾಡಿಗೆಗಿರುವ ನೂರು ವರ್ಷದ ಸಾಲುಮನೆಗಳನ್ನು ಉಳಿಸುವುದೋ ಕೆಡಹುವುದೋ, ಇವತ್ತೇ ತೀರ್ಮಾನ.

ನಗರಸಭೆಯ ಅಧಿಕಾರಿ ಮೂಲೆಮನೆಯ ಕುಸಿದ ಮಾಡು ನೋಡಿ ಫೈಲು ಮುಚ್ಚಿದರು. “ಈ ಹಂಚು ಈಗ ಎಲ್ಲೂ ಸಿಗೋದಿಲ್ಲ. ತಗಡು ಹೊದಿಸಿದ್ರೆ ಪಾರಂಪರಿಕ ಮನೆ ಅನ್ನೋಕಾಗಲ್ಲ. ಕೆಡವಲೇಬೇಕು.”

ಪಕ್ಕದ ಮನೆಯ ತಮಿಳು ಅಜ್ಜಿ, ಓಣಿಗೆಲ್ಲ ‘ಪಾಟಿ’, ಒಳಹೋಗಿ ಮಂಚದಡಿಯಿಂದ ನಾಲ್ಕು ಹಂಚು ಹೊತ್ತು ತಂದರು. ಎದುರುಮನೆಯವನು ಹೂಕುಂಡದ ಕೆಳಗಿನದ್ದನ್ನು ಎಳೆದ. ನೋಡುನೋಡುತ್ತಿದ್ದಂತೆ ಮನೆಮನೆಯಿಂದ ಅದೇ ಹಂಚು ಬಂದು ರಸ್ತೆಯಲ್ಲಿ ಎದೆಯೆತ್ತರ ನಿಂತಿತು. ಹಂಚಿನ ಊರಾದ ಮಂಗಳೂರಿನವಳು ನಾನು, ಬಾಯಿ ಬಿಟ್ಟು ನಿಂತೆ.

“ಇಲ್ಲಿ ಯಾರ ಮಾಡು ಬಿದ್ರೂ ಹಂಚು ಬಿಸಾಡೋದಿಲ್ಲ ಲಾ. ಅಕ್ಕಪಕ್ಕದವ್ರು ಎತ್ತಿಡ್ತಾರೆ,” ಎಂದಳು ಲವೀನಾ, ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ. “ನನ್ನ ಬಾತ್‌ರೂಮಿನ ಹಿಂದೇನೂ ಇತ್ತು.”

ಅಧಿಕಾರಿ ಒಂದನ್ನೆತ್ತಿ ಬೆರಳಿನಿಂದ ತಟ್ಟಿದರು. ಠಣ್ಣೆಂದಿತು. ಮೇಜಿರಲಿಲ್ಲ. ಆ ರಾಶಿಯ ಮೇಲೆಯೇ ಫೈಲು ಬಿಚ್ಚಿ, ಉಳಿಸಬೇಕೆಂದು ಬರೆದು ರುಜು ಹಾಕಿದರು.

ಓಣಿಯೆಲ್ಲ ಚಪ್ಪಾಳೆ. ಪಾಟಿ ಮಾತ್ರ ರಾಶಿಗೆ ಒರಗಿದ್ದ ಅಧಿಕಾರಿಯನ್ನು ಗದರಿದರು: “ಒರಗಬೇಡಪ್ಪಾ! ನಾಳೆ ಅವು ಮಾಡಿಗೇರಬೇಕು.”