ಕ್ಯಾಸೆಟ್ಟಿಗೆ ತುಟಿಯಿಲ್ಲ

ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮುನಿರಾಮಯ್ಯನದೊಂದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಏನು ತಂದರೂ ಆಗುವುದಿಲ್ಲ ಎನ್ನದ ಮನುಷ್ಯ. ಅಂಥವನಿಗೂ ಅವತ್ತು ತಲೆ ಕೆಟ್ಟಿತು. ಹಳೇ ಬೆಡ್‌ಶೀಟಿನಲ್ಲಿ ಅದೇ ಟೇಪ್ ರೆಕಾರ್ಡರನ್ನು ಸುತ್ತಿಕೊಂಡು ಸೀರೆ ನೇಯುವ ಶಫೀವುಲ್ಲಾ ಮತ್ತೆ ಮೆಟ್ಟಿಲು ಹತ್ತುತ್ತಿದ್ದ.

“ಮತ್ತೇನಾಯ್ತು ಶಫೀ ಭಾಯ್? ಬೆಲ್ಟ್ ಹೊಸದು ಹಾಕ್ದೆ, ಹೆಡ್ ಕ್ಲೀನ್ ಮಾಡ್ದೆ. ಇನ್ನೇನ್ ಮಾಡ್ಲಿ ಹೇಳಪ್ಪಾ.”

“ಏನ್ ಮಾಡ್ದೆ ನೀನು, ಮಣ್ಣು! ಗಿಟಾರ್ ಬರುತ್ತೆ, ಡ್ರಮ್ ಬರುತ್ತೆ. ಹಾಡೋನು ಮಾತ್ರ ನಾಪತ್ತೆ. ಬಾಯಿಗೆ ಬಟ್ಟೆ ತುರುಕ್ದಂಗೆ ಹಾಡ್ತಾನೆ.”

ಮುನಿರಾಮಯ್ಯ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಅಂಗಡಿಯ ತಗಡು ಅದುರಿತು. ಎದುರುಗಡೆ ಟೀ ಕುಡಿಯುತ್ತಿದ್ದವರು ಗಾಬರಿಬಿದ್ದು ಇತ್ತ ತಿರುಗಿದರು. ಅವನು ಹಾಡು ನಿಲ್ಲಿಸಿ, ಶಫೀವುಲ್ಲಾನ ಮುಖವನ್ನೇ ನೋಡುತ್ತಾ ಹೇಳಿದ: “ಚೆನ್ನಾಗೇ ಬರ್ತಾ ಇದೆಯಲ್ಲ ಗುರು. ನಂಗೆ ಇಂಗ್ಲಿಷ್ ಬರಲ್ಲ, ಆದ್ರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸ್ತಾ ಇದೆ. ಗಂಟಲು ಹರ್ಕೊಂಡು ಅಳ್ತಾವ್ನೆ, ಪಾಪ.”

“ನಿನ್ನ ಕಿವಿಗಿಷ್ಟು!” ಎಂದು ಶಫೀವುಲ್ಲಾ ರೆಕಾರ್ಡರನ್ನು ಕಿತ್ತುಕೊಂಡು ಹೊರಟ. ಟೇಪಿನ ಕಾಲ ಮುಗಿಯಿತು, ಮೆಕ್ಯಾನಿಕ್ಕುಗಳ ಕಾಲವೂ ಮುಗಿಯಿತು ಎಂದು ದಾರಿಯುದ್ದಕ್ಕೂ ಗೊಣಗಿದ. ಅವನು ಹಾಗೇ. ತಪ್ಪು ಎಲ್ಲಾದರೂ ಇರಬಹುದು, ಅವನಲ್ಲಿ ಮಾತ್ರ ಇರಕೂಡದು.

ಆದರೆ ಈ ಸಲದ ಅವಸರಕ್ಕೆ ಕಾರಣವಿತ್ತು. ಭಾನುವಾರ ಮಗಳು ಬರುವವಳಿದ್ದಳು.

ಮೆಹ್ನಾಜ್ ಮದುವೆಯಾಗಿ ಸೂಲಿಬೆಲೆಗೆ ಹೋಗಿದ್ದಳು. ಗಂಡ ಉಮೈರ್ ಅಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡ ಸೌಮ್ಯ ಹುಡುಗ. ಚಳಿಗಾಲದಲ್ಲಿ ಅವಳ ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಅದಾದ ಮೇಲೆ ಅವಳು ತವರಿನ ಹೊಸ್ತಿಲು ತುಳಿದಿರಲಿಲ್ಲ. ರಂಜಾನಿಗೂ ಬರಲಿಲ್ಲ, ಬಕ್ರೀದಿಗೂ ಬರಲಿಲ್ಲ. ತಾಯಿಗೆ ದಿನಾ ಫೋನು ಮಾಡುತ್ತಿದ್ದಳು. ಅಪ್ಪನಿಗೆ ಕೊಡು ಎಂದು ಒಂದು ದಿನವೂ ಅನ್ನುತ್ತಿರಲಿಲ್ಲ. ಮೊದಲಾದರೆ ರಾತ್ರಿ ಊಟ ಆದಮೇಲೆ ವಿಡಿಯೋದಲ್ಲಿ ಅಪ್ಪ ಮಗಳು ಹರಟುತ್ತಿದ್ದರು. ಅದೂ ನಿಂತುಹೋಗಿತ್ತು.

“ನನ್ನ ಮೇಲೆ ಅವಳಿಗೇನು ಸಿಟ್ಟು?” ಎಂದು ಒಮ್ಮೆ ಹೆಂಡತಿ ಜಬೀನ್‌ಳನ್ನು ಕೇಳಿಯೇಬಿಟ್ಟಿದ್ದ.

ಜಬೀನ್ ಅವನನ್ನು ಸುಡುವ ಹಾಗೆ ನೋಡಿದ್ದಳು. “ಅವತ್ತು ಫೋನಲ್ಲಿ ಏನಂದ್ರಿ ಅನ್ನೋದು ನಿಮಗೇ ಗೊತ್ತಿಲ್ವಾ? ಅಂಥ ಹೊತ್ತಲ್ಲಿ ಹೆತ್ತ ಅಪ್ಪ ಆಡೋ ಮಾತಾ ಅದು?”

ಅವತ್ತು ಫೋನು ಬಂದದ್ದು ಅವನಿಗೆ ನೆನಪಿತ್ತು. ಮನೆಯ ಮಗ್ಗಗಳು ಓಡುತ್ತಿದ್ದವು. ಅವನು ಶೆಡ್ಡಿನ ಹೊರಗೆ ಬಂದು ಫೋನು ಕಿವಿಗೊತ್ತಿಕೊಂಡಿದ್ದ. ಮಗಳ ಮಾತು ದೂರದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂತಿತ್ತು. ಹಾಳು ನೆಟ್‌ವರ್ಕ್ ಎಂದು ಬೈದುಕೊಂಡು, ಯಾವಾಗಿನಂತೆ ಏನೋ ಒಂದು ಹೇಳಿ ಫೋನನ್ನು ಜಬೀನ್ ಕೈಗೆ ಕೊಟ್ಟಿದ್ದ. ಏನು ಹೇಳಿದ್ದನೋ, ದೇವರಾಣೆ ನೆನಪಿರಲಿಲ್ಲ. ಹಾಗೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. “ಧೈರ್ಯ ಹೇಳ್ದೆ ಕಣೇ, ಇನ್ನೇನ್ ಹೇಳ್ತಾರೆ?” ಎಂದುಬಿಟ್ಟ. ಜಬೀನ್ ಎದ್ದು ಒಳಗೆ ಹೋದಳು. ಆಮೇಲೆ ಆ ಮಾತು ಮನೆಯಲ್ಲಿ ಬರಲಿಲ್ಲ.

ಈಗ ದರ್ಗಾ ಬೀದಿಯಲ್ಲಿ ಉಮೈರ್ ಕಡೆಯವರದೊಂದು ಮದುವೆಯ ವಲೀಮಾ ಊಟ. ಅದಕ್ಕೆ ಬರುವ ಮಗಳು ಅಳಿಯ ಒಂದರ್ಧ ಗಳಿಗೆ ಮನೆಗೂ ಬಂದು ಹೋಗುತ್ತಾರೆ ಎಂದು ಜಬೀನ್ ಹೇಳಿದಾಗ ಶಫೀವುಲ್ಲಾನಿಗೆ ಮಂಚದ ಕೆಳಗಿನ ಟ್ರಂಕು ನೆನಪಾಯಿತು. ಮಗಳನ್ನು ಒಲಿಸಿಕೊಳ್ಳಲು ಸೀರೆ ಕೊಡೋಣವೆಂದರೆ ಮನೆಯೇ ಸೀರೆ ನೇಯುವ ಮನೆ. ಸಿಹಿ ಕೊಡೋಣವೆಂದರೆ ವಲೀಮಾದಲ್ಲಿ ತಿಂದು ಬಂದಿರುತ್ತಾಳೆ. ಅವರಿಬ್ಬರ ನಡುವೆ, ಮೂರನೆಯವರಿಗೆ ತಿಳಿಯದಂಥದ್ದು ಏನಾದರೂ ಇದ್ದರೆ ಅದು ಆ ಟ್ರಂಕಿನಲ್ಲಿತ್ತು.

ಅದರ ತುಂಬ ಗ್ರಂಜ್ ಕ್ಯಾಸೆಟ್ಟುಗಳು. ಹೌದು, ಗ್ರಂಜೇ! ದೊಡ್ಡಬಳ್ಳಾಪುರದ ಮಗ್ಗದವನಿಗೂ ಅಮೆರಿಕದ ಆ ಗದ್ದಲದ ರಾಕ್ ಸಂಗೀತಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಊರೆಲ್ಲ ನಕ್ಕಿತ್ತು. ಇಪ್ಪತ್ತರ ಹುಡುಗನಾಗಿದ್ದಾಗ ಅಪ್ಪನ ಜೊತೆ ಸೀರೆ ಗಂಟು ಹೊತ್ತು ಚಿಕ್ಕಪೇಟೆಗೆ ಹೋಗುತ್ತಿದ್ದ. ಗಂಟು ಇಳಿಸಿದ ಮೇಲೆ ಅಪ್ಪ ನಮಾಜಿಗೆ ಹೋದರೆ ಇವನು ಫುಟ್‌ಪಾತಿನ ಕ್ಯಾಸೆಟ್ಟಿನವನ ಮುಂದೆ ಕೂರುತ್ತಿದ್ದ. ಒಂದು ದಿನ ಒಂದು ಕ್ಯಾಸೆಟ್ಟಿನ ಮೇಲೆ ಚೌಕಳಿ ಅಂಗಿ ತೊಟ್ಟ, ತಲೆ ಬಾಚದ ಹುಡುಗರ ಪಟ ಕಂಡ. ಅಂಗಿಯ ನೇಯ್ಗೆ ಚೆನ್ನಾಗಿದೆಯೆಂದು ಅದನ್ನು ಕೊಂಡ. ಬೇರೆ ಯಾವ ಕಾರಣವೂ ಇರಲಿಲ್ಲ.

ಮನೆಗೆ ಬಂದು ಹಾಕಿದರೆ, ಯಾ ಅಲ್ಲಾ! ಗಿಟಾರುಗಳು ಮಗ್ಗದ ಹಾಗೇ ಗಡಗಡಿಸುತ್ತಿದ್ದವು. ಆ ಗದ್ದಲದ ನಡುವೆ ಒಬ್ಬ ಹುಡುಗ ತನ್ನ ಮಾತು ಕೇಳಿಸಲಿ ಎಂದು ಪ್ರಾಣ ಹೋಗುವ ಹಾಗೆ ಕೂಗುತ್ತಿದ್ದ. ಹುಟ್ಟಿದಾಗಿನಿಂದ ನಾಲ್ಕು ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ಅದು ತನ್ನದೇ ಮನೆಯ ಹಾಡೆನಿಸಿತು. ಮಿಕ್ಕ ಹಾಡೆಲ್ಲ ನಿಶ್ಶಬ್ದದಲ್ಲಿ ಬದುಕುವವರು ಕಟ್ಟಿದ್ದು ಎಂದು ಅವನ ವಾದ.

ಮಾತು ಮಾತ್ರ ಅರ್ಥವಾಗುತ್ತಿರಲಿಲ್ಲ. ಎಸೆಸೆಲ್ಸಿ ಇಂಗ್ಲಿಷ್ ಎಷ್ಟು ದೂರ ಹೋದೀತು? ಅದನ್ನು ಬಿಡಿಸಿ ಹೇಳಿದವಳು ಮೆಹ್ನಾಜ್. ಆಗಿನ್ನೂ ಹೈಸ್ಕೂಲಿನ ಹುಡುಗಿ, ಎರಡು ಜಡೆ ಹಾಕಿಕೊಂಡು ರೆಕಾರ್ಡರಿನ ಪಕ್ಕ ಕೂತು, ಟೇಪು ಹಿಂದೆ ಸುತ್ತಿ ಮುಂದೆ ಸುತ್ತಿ, “ಅಬ್ಬಾ, ಇವನು ತನ್ನ ಅಪ್ಪ ಬಿಟ್ಟುಹೋಗಿದ್ದಕ್ಕೆ ಅಳ್ತಾ ಇದ್ದಾನೆ” ಎಂದಿದ್ದಳು. ಶಫೀವುಲ್ಲಾ ಆ ಹಾಡನ್ನು ವರ್ಷಗಟ್ಟಲೆ ಜಗಳದ ಹಾಡೆಂದು ತಿಳಿದು ಕುಣಿದಿದ್ದ. ಅವತ್ತು ಸುಮ್ಮನೆ ಕೂತು ಕೇಳಿದ.

ಅದೇ ಕ್ಯಾಸೆಟ್ಟನ್ನು ಈಗ ಹಾಕಿದರೆ ಅಳುವವನೇ ಇರಲಿಲ್ಲ. ಮುನಿರಾಮಯ್ಯನನ್ನು ಬೈದು ಬಂದವನು ಟ್ರಂಕಿನ ಒಂದೊಂದೇ ಕ್ಯಾಸೆಟ್ ತೆಗೆದು ಹಾಕುತ್ತ ಹೋದ. ಎಲ್ಲದಕ್ಕೂ ಅದೇ ರೋಗ. ದಪ್ಪ ಸದ್ದು ಎದೆಗೆ ಗುದ್ದುತ್ತಿತ್ತು, ಮೇಲಿನ ದನಿ ಮಾತ್ರ ಮಂಜಿನಲ್ಲಿ ಕರಗಿದಂತಿತ್ತು. ತೇವ ಹಿಡಿದಿದೆ ಎಂದು ಬಿಸಿಲಿಗಿಟ್ಟ. ಪೆನ್ಸಿಲ್ ತೂರಿಸಿ ಸುತ್ತಿದ. ವಾಲ್ಯೂಮು ಕೊನೆಯವರೆಗೂ ತಿರುಗಿಸಿದ. ಜಬೀನ್ ಬಂದು ಎದುರು ನಿಂತು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹೇಳಿದಳು: “ಅಜೀ, ಬೀದಿಯೋರೆಲ್ಲ ಬೈತಾರೆ, ಸ್ವಲ್ಪ ಕಮ್ಮಿ ಮಾಡಿ!”

“ಕಮ್ಮಿ ಮಾಡಿದ್ರೆ ಮಾತು ಕೇಳಿಸಲ್ಲ ಕಣೇ!”

“ನನಗೆ ಮೂರು ಮನೆ ಆಚೆಗೂ ಕೇಳಿಸ್ತು.”

ಹಂಗಿಸುತ್ತಿದ್ದಾಳೆ ಎಂದುಕೊಂಡು ಅವನು ಮುಖ ತಿರುಗಿಸಿದ. ಆ ರಾತ್ರಿ ನಿದ್ದೆ ಬರಲಿಲ್ಲ. ಟ್ರಂಕಿನಲ್ಲಿದ್ದದ್ದೂ ಹಾಳಾಯಿತು, ಇನ್ನು ಮಗಳ ಮುಂದೆ ಏನಿಟ್ಟು ಮಾತು ಶುರುಮಾಡಲಿ ಎಂದು ಹೊರಳಾಡಿದ.

ಭಾನುವಾರ ಮಗಳು ಬರುತ್ತಾಳೆಂದು ಮಗ್ಗ ನಿಲ್ಲಿಸಿದ್ದ. ಮೆಹ್ನಾಜ್ ಬಂದಳು. ಸೊರಗಿಹೋಗಿದ್ದಳು. ಅಪ್ಪನಿಗೆ ಸಲಾಂ ಹೇಳಿದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದಳು. ಉಮೈರ್ ಚಹಾ ಬೇಡವೆಂದು ಹೇಳಿ ಗಾಡಿಗೆ ಪೆಟ್ರೋಲು ಹಾಕಿಸಲು ಹೋದ. ಜಬೀನ್ ಅಡುಗೆಮನೆಗೆ ಹೋದಳು. ಅಪ್ಪ ಮಗಳು ಇಬ್ಬರೇ ಉಳಿದರು. ಶಫೀವುಲ್ಲಾನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

“ನೋಡು, ಇದು ನೆನಪಿದ್ಯಾ?” ಎಂದು ಆ ಅಳುವವನ ಕ್ಯಾಸೆಟ್ ಹಾಕಿ, ರೆಕಾರ್ಡರಿನ ಮುಂದೆ ಅವಳಿಗೆ ಬೆನ್ನುಮಾಡಿ ಬಗ್ಗಿ ಕೂತ. “ಟೇಪು ಕೆಟ್ಟೋಗಿದೆ ಬೇಟಾ. ಮಾತೇ ಬರ್ತಿಲ್ಲ. ಆ ಮುನಿರಾಮಯ್ಯ ಕೆಡಿಸಿಟ್ಟ.”

ಮೆಹ್ನಾಜ್‌ಗೆ ಮೊದಲು ಅರ್ಥವಾಗಲಿಲ್ಲ. ಹಾಡು ಹಳೆಯ ಹಾಗೇ ಬರುತ್ತಿತ್ತು. “ಚೆನ್ನಾಗೇ ಇದೆಯಲ್ಲ ಅಬ್ಬಾ” ಎಂದಳು. ಅವನು ತಿರುಗಲಿಲ್ಲ. “ಅಬ್ಬಾ” ಎಂದಳು. ಕೈಯಿಂದ ಗುಂಡಿ ತಿರುವುತ್ತಲೇ ಇದ್ದ. ಅವಳು ಎದ್ದು ಬಂದು ಹಾಡು ನಿಲ್ಲಿಸಿ ಇನ್ನೊಮ್ಮೆ, ಇನ್ನೂ ಜೋರಾಗಿ ಕರೆದಳು. ಅವನು, ಕೆಟ್ಟ ಟೇಪನ್ನು ಕೇಳಲಾರದೆ ನಿಲ್ಲಿಸಿದಳೆಂದುಕೊಂಡು, ತಲೆ ತಗ್ಗಿಸಿ ಕ್ಯಾಸೆಟ್ ಹೊರತೆಗೆದು ಒರೆಸತೊಡಗಿದ.

ಅವಳಿಗೆ ಏನೋ ಹೊಳೆಯಿತು. ಅವನ ಭುಜ ಮುಟ್ಟಿ, ಎದುರಿಗೆ ಬಂದು ಕೂತಳು. ಚಿಕ್ಕವಳಿದ್ದಾಗ ಊಟಕ್ಕೆ ಕರೆಯಲು ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ ಹಾಗೆ ಮಾತಾಡಿದಳು. ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲವೆಂದು ಮಗ್ಗದ ಮನೆಯವರೆಲ್ಲ ಕಲಿತ ಮಾತು ಅದು. ಬರೀ ತುಟಿ, ದನಿಯಿಲ್ಲ.

*ಅಬ್ಬಾ, ಮಗ್ಗ ಯಾಕೆ ನಿಲ್ಲಿಸಿದ್ದೀರಿ?*

“ನೀನು ಬರ್ತೀಯ ಅಂತ ಕಣಮ್ಮ, ಇನ್ಯಾಕೆ?” ಎಂದ ಶಫೀವುಲ್ಲಾ, ಗಟ್ಟಿಯಾಗಿ.

ಚಹಾ ತರುತ್ತಿದ್ದ ಜಬೀನ್ ಬಾಗಿಲಲ್ಲೇ ನಿಂತಳು. “ಯಾರಿಗೆ ಉತ್ತರ ಕೊಡ್ತಾ ಇದ್ದೀರಿ? ಅವಳು ಏನೂ ಕೇಳ್ಲೇ ಇಲ್ವಲ್ಲ!”

ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಮೆಹ್ನಾಜ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳಿದಳು. ದುಪಟ್ಟಾ ಅಲುಗಿದ್ದು ಕಾಣಿಸಿತು. ಬೇರೇನೂ ಇಲ್ಲ. ಜಬೀನಳ ಬೈಗುಳ, ಗಿರಾಕಿಗಳ ಚೌಕಾಸಿ, ಮುನಿರಾಮಯ್ಯನ ಗೊಣಗಾಟ, ವಿಡಿಯೋದಲ್ಲಿ ಮಗಳ ಹರಟೆ, ಎಲ್ಲವನ್ನೂ ಎಷ್ಟು ಕಾಲದಿಂದ ಕಣ್ಣಲ್ಲೇ ಕೇಳುತ್ತ ಬಂದಿದ್ದನೋ! ಇಡೀ ಮನೆಯೇ ತುಟಿ ನೋಡಿ ಮಾತಾಡುವ ಮನೆ. ಕಿವಿ ಹೋದದ್ದು ಯಾರಿಗೆ ಗೊತ್ತಾಗಬೇಕು? ಅವನಿಗೇ ಗೊತ್ತಾಗಲಿಲ್ಲ. ಕ್ಯಾಸೆಟ್ಟಿಗೆ ತುಟಿಯಿಲ್ಲ. ಫೋನಿಗೂ ಇಲ್ಲ.

“ಫೋನು…” ಎಂದ. “ಮೆಹ್ನಾಜ್, ಅವತ್ತು ಫೋನಲ್ಲಿ ನೀನೇನಂದೆ?”

ಅವಳು ದುಪಟ್ಟಾ ತೆಗೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ನಿಧಾನವಾಗಿ, ಒಂದೊಂದೇ ಮಾತು ಅವನಿಗೆ ಕಾಣುವ ಹಾಗೆ ಹೇಳಿದಳು. “ಆಸ್ಪತ್ರೆಯಿಂದ ಮಾಡಿದ್ದೆ. ಅಮ್ಮಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ, ಅದಕ್ಕೆ ಮೊದಲು ನಿಮಗೆ ಹೇಳ್ದೆ. ಅಬ್ಬಾ, ಕೂಸು ಹೋಯ್ತು ಅಂದೆ.”

“ನಾನೇನಂದೆ?”

ಅವಳು ತಲೆ ಅಲ್ಲಾಡಿಸಿದಳು.

“ಹೇಳು. ನಾನೇನಂದೆ?”

“ಒಳ್ಳೇದಾಯ್ತು ಬಿಡು ಅಂದ್ರಿ. ನಕ್ಕೊಂಡು ಅಂದ್ರಿ. ಅಮ್ಮಿಗೆ ಕೊಡ್ತೀನಿ ಅಂದ್ರಿ.”

ಜಬೀನ್ ಚಹಾ ಲೋಟಗಳನ್ನು ನೆಲದ ಮೇಲಿಟ್ಟು ಅಲ್ಲೇ ಕೂತಳು. ಮುಖ ಮುಚ್ಚಿಕೊಳ್ಳಬೇಕೆಂದು ಶಫೀವುಲ್ಲಾ ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೇ ಇಳಿಸಿದ. ಕಣ್ಣು ಮುಚ್ಚಿದರೆ ಇನ್ನು ಏನೂ ಕೇಳಿಸುವುದಿಲ್ಲ. ಅವನು ಮುಂದೆ ಸರಿದು, ರೆಕಾರ್ಡರನ್ನು ಪಕ್ಕಕ್ಕೆ ತಳ್ಳಿ, ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ.

“ಇನ್ನೊಂದ್ಸಲ ಹೇಳು ಬೇಟಾ. ಅವತ್ತು ಹೇಳಿದ್ದನ್ನ ಮೊದಲಿಂದ ಹೇಳು. ನಾನು ಕೇಳೇ ಇಲ್ಲ.”

ಹೊರಗೆ ಉಮೈರನ ಗಾಡಿ ಬಂದು ನಿಂತಿತು. ಹಾರ್ನ್ ಹೊಡೆದ. ಜಬೀನ್ ಎದ್ದು ಹೋಗಿ, ತಡವಾಗುತ್ತದೆ ಒಳಗೆ ಬಾ ಎಂದು ಕೈಸನ್ನೆ ಮಾಡಿದಳು. ತಿರುಗಿ ನೋಡಿದರೆ ಮನೆಯಲ್ಲಿ ಸದ್ದೇ ಇಲ್ಲ. ಮಗಳು ತುಟಿಯಲ್ಲೇ ಆಸ್ಪತ್ರೆಯ ವಿಷಯ ಹೇಳುತ್ತಿದ್ದಳು, ಅವನು ಕಣ್ಣು ಮಿಟುಕಿಸದೆ ಕೇಳುತ್ತಿದ್ದ.