ಸಿಂಕಿನಲ್ಲಿ ಬಿಟ್ಟ ಎಳ್ಳುನೀರು

ಪಿತೃಪಕ್ಷಕ್ಕೆ ಮುಂಚೆ ಕರಿ ಎಳ್ಳನ್ನು ಕೇರಿ, ತೊಳೆದು, ಒಣಗಿಸಿ ಇಡುವುದು ನನ್ನ ಪದ್ಧತಿ. ಒದ್ದೆ ಎಳ್ಳಿನ ವಾಸನೆ ಬಂದೊಡನೆ ಡೆಟ್ರಾಯಿಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ನೆನಪಾಗುತ್ತಾರೆ…

ಎಪ್ಪತ್ತರ ದಶಕದ ಆರಂಭ. ನಾನು ಪಕ್ಕದ ಊರು ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್. ಅವರು ಮೈಸೂರಿನಿಂದ ಬಂದು ಅಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ವಿಧುರರು. ಭಾನುವಾರ ಅವರ ಅಡುಗೆಮನೆಯಲ್ಲಿ ಕಾಫಿ. ಜೊತೆಗೆ ಅವರು ಬರೆಯುತ್ತಿದ್ದ ಪುಸ್ತಕದ ರಾಜನ ಕಥೆ. ಏಳುನೂರು ವರ್ಷಗಳ ಹಿಂದೆ ಸ್ಪೇನಿನ ಕ್ಯಾಸ್ಟೀಲನ್ನು ಆಳಿದವನು. ನಕ್ಷತ್ರಗಳ ಚಲನೆಯನ್ನು ಲೆಕ್ಕ ಹಾಕಿಸಿದ ಪಂಡಿತ. ಮನೆಯನ್ನು ಮಾತ್ರ ಹಿಡಿದಿಡಲಾರದವ. ಹಿರಿಯ ಮಗ ಸತ್ತ. ಪಟ್ಟ ಯಾರಿಗೆಂಬ ಜಗಳದಲ್ಲಿ ರಾಣಿ ಮೊಮ್ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಎರಡನೆಯ ಮಗ ತಿರುಗಿಬಿದ್ದ. ತಂದೆ ಅವನನ್ನು ಶಪಿಸಿದ.

“ಸಾಯೋವಾಗ ಕ್ಷಮಿಸಿದ ಅಂತ ಕೆಲವರು ಬರೀತಾರೆ. ನನಗೆ ನಂಬಿಕೆ ಇಲ್ಲಯ್ಯ,” ಎನ್ನುತ್ತಿದ್ದರು ಮೇಷ್ಟ್ರು. ಕೊನೆಯ ಅಧ್ಯಾಯ ಅಲ್ಲೇ ನಿಂತಿತ್ತು.

ಅವರ ಒಬ್ಬನೇ ಮಗ ಷಿಕಾಗೋದಲ್ಲಿ ಓದುತ್ತಿದ್ದ. ಅಲ್ಲಿಯ ಹುಡುಗಿಯನ್ನು ತಂದೆಗೆ ಹೇಳದೆ ಮದುವೆಯಾದ. ಸುದ್ದಿ ತಿಳಿದ ದಿನ ಮೇಷ್ಟ್ರು ನನ್ನೆದುರೇ ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ, ಸಿಂಕಿನ ನಲ್ಲಿ ತಿರುಗಿಸಿ, ಬದುಕಿದ್ದ ಮಗನ ಹೆಸರು ಹೇಳಿ ಎಳ್ಳುನೀರು ಬಿಟ್ಟರು.

“ಮೇಷ್ಟ್ರೇ, ಬದುಕಿರೋನಿಗೆ ಯಾರಾದ್ರೂ…”

“ಕಾವೇರಿ ಎಲ್ಲಿಂದ ತರಲಿ? ಅವನಿಗೆ ಇದೇ ಸಾಕು.”

ಮಗನಿಗೆ ಫೋನ್ ಮಾಡಿ ಅದನ್ನು ಹೇಳಿಯೂ ಬಿಟ್ಟರು.

ಐದಾರು ಚಳಿಗಾಲ ಕಳೆದವು. ಮೇಷ್ಟ್ರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ತಡೆದರು.

“ಆ ರಾಜ ಕ್ಷಮಿಸಿದ್ದರೂ ಇರಬಹುದು ಕಣಯ್ಯ. ಕೇಳೋಕೆ ಮಗ ಹತ್ತಿರ ಇರಲಿಲ್ಲ, ಅಷ್ಟೇ. ಅವನಿಗೊಂದು ಫೋನ್ ಮಾಡು.”

ಮಗ ಕೂಡಲೇ ಕಾರು ಹತ್ತಿದ. ಸುಮಾರು ಮುನ್ನೂರು ಮೈಲಿ, ದಾರಿಯುದ್ದಕ್ಕೂ ಹಿಮ. ಅವನು ತಲುಪುವಷ್ಟರಲ್ಲಿ ಮೇಷ್ಟ್ರು ಹೋಗಿದ್ದರು.

ದಹನ ಮುಗಿಸಿ ಮನೆಗೆ ಬಂದೆವು. ಪುರೋಹಿತರು ಸಿಗಲಿಲ್ಲ, ತಿಳಿದಷ್ಟು ಮಂತ್ರ ನಾನೇ ಹೇಳಿಕೊಡಬೇಕಾಯಿತು. ತರ್ಪಣಕ್ಕೆಂದು ತಟ್ಟೆ ಇಟ್ಟಿದ್ದೆ. ಮಗ ನೆಟ್ಟಗೆ ಸಿಂಕಿನ ಮುಂದೆ ಹೋಗಿ ನಿಂತು ಅಂಗೈ ಒಡ್ಡಿದ.

“ಎಷ್ಟು ಎಳ್ಳು ಹಾಕ್ಬೇಕು ಅಂಕಲ್? ಡ್ಯಾಡ್ ನನಗೆ ಎಷ್ಟು ಹಾಕಿದ್ರು?”

ಒಂದು ಚಿಟಿಕೆ ಅವನ ಅಂಗೈಯಲ್ಲಿಟ್ಟು ನಲ್ಲಿ ತಿರುಗಿಸಿದೆ.

ಪುಸ್ತಕ ಅಚ್ಚಾಗಲಿಲ್ಲ. ಆ ಕೊನೆಯ ಅಧ್ಯಾಯವನ್ನು ಬರೆಯಬಲ್ಲವರು ಅವರೊಬ್ಬರೇ… ನಾಳೆ ನಮ್ಮ ಹಿರಿಯರ ತರ್ಪಣವೆಲ್ಲ ಮುಗಿದ ಮೇಲೆ ಮೇಷ್ಟ್ರ ಹೆಸರನ್ನೂ ಹೇಳುತ್ತೇನೆ. ತಟ್ಟೆಯ ನೀರನ್ನು ಹಿತ್ತಲ ಮೇಪಲ್ ಮರದ ಬುಡಕ್ಕೆ ಸುರಿದು ಬರುತ್ತೇನೆ. ಸಿಂಕಿಗೆ ಚೆಲ್ಲಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.